ಹೊಟ್ಟೆಯೊಳಗೆ ಗೇರಿದ್ದ ಸೈಕಲ್ಲು

ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಭದ್ರಾವತಿಯ ಗೋಡೆ ಗಡಿಯಾರಗಳಿಗೆ ಅಂಥ ಮರ್ಯಾದೆ ಏನೂ ಇರಲಿಲ್ಲ. ಕಾರ್ಖಾನೆ ಕೂಗಿದರೆ ಬೆಳಗಾಯಿತು, ಮತ್ತೆ ಕೂಗಿದರೆ ಸಾರಿಗೆ ಒಗ್ಗರಣೆ ಹಾಕುವ ಹೊತ್ತಾಯಿತು. ಶಿಫ್ಟು ಬಿಟ್ಟಿತೆಂದರೆ ಗೇಟಿನಿಂದ ಸೈಕಲ್ಲುಗಳು ಕೆರೆ ಕೋಡಿ ಬಿದ್ದ ಹಾಗೆ ನುಗ್ಗುತ್ತಿದ್ದವು. ಎಲ್ಲವೂ ಕಪ್ಪು, ಎಲ್ಲದರ ಹ್ಯಾಂಡಲ್ಲಿಗೂ ಖಾಲಿ ಟಿಫಿನ್ ಕ್ಯಾರಿಯರ್ ತೂಗುತ್ತಿತ್ತು, ಎಲ್ಲರೂ ಸುಮ್ಮಸುಮ್ಮನೆ ಬೆಲ್ಲು ಬಾರಿಸುತ್ತಿದ್ದರು. ಆ ಗದ್ದಲದಲ್ಲಿ ನಮ್ಮಪ್ಪನ ಬೆಲ್ಲು ಯಾವುದು ಅಂತ ನನಗೆ ಮನೆಯೊಳಗಿಂದಲೇ ಗೊತ್ತಾಗುತ್ತಿತ್ತು. ಅದರ ಬಟ್ಟಲು ಸ್ವಲ್ಪ ಸೀಳಿತ್ತು. ಟ್ರಿಣ್ ಅನ್ನುವುದರ ಬದಲು ಟ್ರಕ್ ಅನ್ನುತ್ತಿತ್ತು.

ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನ ಮಕ್ಕಳೆಲ್ಲ ಸೈಕಲ್ಲು ಕಲಿತದ್ದು ಒಳಪೆಡಲಿನಲ್ಲಿ. ಅಪ್ಪಂದಿರ ಸೈಕಲ್ಲಿನ ಸೀಟು ನಮ್ಮ ತಲೆಗಿಂತ ಮೇಲೆ. ಬಾರಿನ ಕೆಳಗೆ ಒಂದು ಕಾಲು ತೂರಿಸಿ, ಮೈಯೆಲ್ಲ ಸೊಟ್ಟ ಮಾಡಿಕೊಂಡು ತುಳಿಯಬೇಕು. ಮೊಣಕಾಲಿನ ಗಾಯ ಒಣಗುವಷ್ಟರಲ್ಲಿ ಇನ್ನೊಂದು ಗಾಯ. ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ವಾಸನೆ ಇದೆಯಲ್ಲ, ಈಗಲೂ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಬಾಯಲ್ಲಿ ಪೆಪ್ಪರಮೆಂಟಿನ ರುಚಿ ಬರುತ್ತದೆ. ಪಂಕ್ಚರ್ ಅಂಗಡಿಯ ಪಕ್ಕದಲ್ಲೇ ಪೆಪ್ಪರಮೆಂಟು ಮಾರುತ್ತಿದ್ದರು, ಅದಕ್ಕೆ.

ನಾನು ಹೇಳಹೊರಟಿರುವುದು ಒಂದು ದಸರಾ ರಜೆಯ ವಿಷಯ. ಆ ರಜೆಯಲ್ಲಿ ನಮ್ಮ ಮನೆಗೆ ಒಂದು ಸೈಕಲ್ಲು ಬಂತು, ಅದೂ ಅಮ್ಮನಿಗೆ.

ಅಮ್ಮ ಸರೋಜ ಹೊಲಿಗೆಯವಳು. ನಡುಮನೆಯ ಕಿಟಕಿ ಪಕ್ಕ ಅವಳ ತುಳಿಯುವ ಮಿಷಿನ್ನು, ಅದರ ಸುತ್ತ ಕ್ವಾರ್ಟರ್ಸಿನ ಅರ್ಧ ಹೆಂಗಸರ ರವಿಕೆಗಳು. ಆ ವರ್ಷ ಹಳೇ ನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವಳಿಗೆ ಹೊಲಿಗೆ ಟೀಚರ್ ಕೆಲಸ ಸಿಕ್ಕಿತು. ರಜೆ ಮುಗಿದು ಶಾಲೆ ತೆರೆಯುವ ಸೋಮವಾರವೇ ಸೇರಬೇಕು. ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ನೋಡಿ ಹೇಳಿದ್ದರಂತೆ, "ಪ್ರಾರ್ಥನೆ ಗಂಟೆಗೆ ಮುಂಚೆ ಕಾಂಪೌಂಡಿನ ಒಳಗಿರಬೇಕು. ನಿಮಗಿಂತ ಮುಂಚೆ ಇದ್ದವರನ್ನ ಯಾಕೆ ಬಿಡಿಸಿದ್ವಿ ಗೊತ್ತಲ್ಲ?" ಅಮ್ಮ ಅದನ್ನು ಮನೆಗೆ ಬಂದು ಹೇಳಿದ ಧಾಟಿಯಲ್ಲೇ ನನಗೆ ಹೆಡ್‌ಮಿಸ್ಸೆಂದರೆ ಭಯ ಬಂದುಬಿಟ್ಟಿತು.

ಕೆಲಸವೇನೋ ಸಿಕ್ಕಿತು, ಹೋಗುವುದು ಹೇಗೆ? ಬೆಳಗಿನ ಬಸ್ಸು ಬಾಗಿಲ ತುಂಬ ಜನರನ್ನು ಜೋತಾಡಿಸಿಕೊಂಡು ಬರುತ್ತಿತ್ತು; ನಿಲ್ಲಿಸಿದರೆ ನಿಲ್ಲಿಸಿದ, ಇಲ್ಲದಿದ್ದರೆ ಇಲ್ಲ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ವಾರಕ್ಕೊಂದು ಶಿಫ್ಟು, ಅವರು ದಿನಾ ಬಿಟ್ಟುಬರುವುದು ಆಗದ ಮಾತು. ನಡೆದರೆ ರೈಲ್ವೆ ಗೇಟು, ಹೊಳೆ, ಆಮೇಲಿನ ಏರು ಎಲ್ಲ ದಾಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಗ್ಗಿ ಶುರುವಾಗಿರುತ್ತದೆ. ಉಳಿದದ್ದು ಸೈಕಲ್ಲೊಂದೇ.

ಅಮ್ಮನಿಗೆ ಸೈಕಲ್ಲು ಬರುತ್ತಿತ್ತು. ಆದರೆ ಮದುವೆಯಾದ ಹೊಸತರಲ್ಲಿ ಅಪ್ಪನ ಸೈಕಲ್ಲು ಹತ್ತಿ ಅದೇ ರೈಲ್ವೆ ಗೇಟಿನ ಹತ್ತಿರ ಸೀರೆ ಚೈನಿಗೆ ಸಿಕ್ಕಿ ಬಿದ್ದಿದ್ದಳು. ಗೇಟು ಹಾಕಿತ್ತು, ಆ ಕಡೆ ಈ ಕಡೆ ಶಿಫ್ಟಿನ ಗಂಡಸರೆಲ್ಲ ಸಾಲುಗಟ್ಟಿ ನಿಂತಿದ್ದರು. ಯಾರೋ ಪುಣ್ಯಾತ್ಮ ಬಂದು ಸೀರೆಯನ್ನು ಬ್ಲೇಡಿನಿಂದ ಕತ್ತರಿಸಿ ಬಿಡಿಸಬೇಕಾಯಿತಂತೆ. ಅವತ್ತಿನಿಂದ ಅಮ್ಮ ಸೈಕಲ್ಲು ಮುಟ್ಟಿರಲಿಲ್ಲ.

"ಸೀರೆ ಚೈನಿಗೆ ಸಿಗಬಾರದು. ಏರಿನಲ್ಲಿ ಇಳಿದು ತಳ್ಳೋ ಹಾಗಿರಬಾರದು. ಇವೆರಡು ಇದ್ರೆ ಹೋಗ್ತೀನಿ, ಇಲ್ದಿದ್ರೆ ಈ ಕೆಲಸಾನೇ ಬೇಡ," ಅಂದಳು.

ಅಪ್ಪ ನಕ್ಕರು. "ಶಿವಮೊಗ್ಗಕ್ಕೆ ಹೋಗಿ ಒಂದು ಲೇಡೀಸ್ ಸೈಕಲ್ ತಂದ್ರಾಯ್ತಪ್ಪ. ಇದಕ್ಕೇನು ಗಂಡು ನೋಡೋ ಹಾಗೆ ನೋಡ್ಬೇಕಾ?"

"ಗಂಡು ನೋಡುವಾಗ ಸರಿಯಾಗಿ ನೋಡ್ಲಿಲ್ಲ. ಸೈಕಲ್ ಆದ್ರೂ ನೋಡಿ ತಗೊಳ್ತೀನಿ ಬಿಡ್ರೀ."

ಮಾರನೆಯ ದಿನವೇ ಮೂವರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಕೋಟೆ ರಸ್ತೆಯಲ್ಲಿ ಅಮ್ಮನ ತಮ್ಮ ಗುರುಮಾವ ಕಾಯುತ್ತಿದ್ದ. ಗುರುಮಾವನಿಗೆ ಹೊಸದು ಅಂದರೆ ಮುಗಿಯಿತು. ಊರಿಗೆ ಮೊದಲು ಬಂದ ಬೆಲ್‌ಬಾಟಮ್ ಪ್ಯಾಂಟು ಹೊಲಿಸಿದ್ದವನು ತಾನೇ ಅಂತ ಹೇಳಿಕೊಳ್ಳುತ್ತಿದ್ದ, ಅದು ನಿಜವೋ ಸುಳ್ಳೋ ಕೇಳಿದವರಿಲ್ಲ. ಅವನು ನಮ್ಮನ್ನು ಸೀದಾ ಒಂದು ಸೈಕಲ್ಲಂಗಡಿಗೆ ಕರೆದುಕೊಂಡು ಹೋಗಿ ಕೈ ಚಾಚಿ ತೋರಿಸಿದ.

ಅಯ್ಯೋ ದೇವರೇ, ಅದೊಂದು ಕೆಂಪು ಸೈಕಲ್ಲು! ಹಿಂದಿನ ಗಾಲಿಗೆ ಐದು ಹಲ್ಲುಚಕ್ರಗಳು ಒಂದರ ಪಕ್ಕ ಒಂದು ಥಳಥಳ ಹೊಳೆಯುತ್ತಿದ್ದವು. ಹ್ಯಾಂಡಲ್ಲಿನ ಹತ್ತಿರದ ಪುಟ್ಟ ಹಿಡಿಕೆಯಂಥ ಕೀಲಿ ಎಳೆದರೆ ಚೈನು ಒಂದು ಚಕ್ರದಿಂದ ಇನ್ನೊಂದಕ್ಕೆ ಹಾರುತ್ತಿತ್ತು. ನಾನು ಅಲ್ಲೇ ನಿಂತಲ್ಲೇ ಅದನ್ನು ಮನಸ್ಸಿನಲ್ಲಿ ನಮ್ಮ ಮನೆ ಮುಂದೆ ನಿಲ್ಲಿಸಿ, ಪಕ್ಕದ ಮನೆ ಮಕ್ಕಳ ಹೊಟ್ಟೆ ಉರಿಸಿಯೂ ಆಗಿತ್ತು.

"ಏಕ್‌ದಮ್ ಫಸ್ಟ್ ಕ್ಲಾಸ್ ಮಾಲು. ಏರು ಗೀರು ಲೆಕ್ಕಕ್ಕೇ ಇಲ್ಲ," ಅಂದ ಅಂಗಡಿಯವನು.

"ಅಕ್ಕ, ಸುಮ್ನೆ ಇದನ್ನೇ ತಗೋ. ಕಾಲ ಬದಲಾಗಿದೆ," ಅಂದ ಗುರುಮಾವ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಹೊಳೆಯ ಕಡೆ ಇಳಿದು, ತಿರುಗಿಸಿಕೊಂಡು, ಮತ್ತೆ ಹತ್ತಿ ಬರುವುದು ಅಂತ ಮಾತು. ಇಳಿದಳು. ತಿರುಗಿಸುವ ಜಾಗದಲ್ಲಿ ಒಂದು ಎತ್ತಿನಗಾಡಿ ಅಡ್ಡ ಬಂತು, ನಿಂತಳು. ಇಳಿಜಾರಿಗೆ ಹಾಕಿದ್ದ ಗೇರು ಹಾಗೇ ಇತ್ತು. ನಿಂತ ಮೇಲೆ ಆ ಸೈಕಲ್ಲಿನಲ್ಲಿ ಗೇರು ಬದಲಾಯಿಸುವ ಹಾಗಿಲ್ಲ, ಚೈನು ಓಡುತ್ತಲೇ ಇರಬೇಕು. ಅಮ್ಮ ಪೆಡಲಿನ ಮೇಲೆ ನಿಂತು ಒತ್ತಿದಳು, ಜೊತೆಗೆ ಕೀಲಿಯನ್ನೂ ಎಳೆದಳು. ಚೈನು ಕರಕರ ಅಂದು ಕಳಚಿಬಿತ್ತು. ಬೀಳುವಾಗ ಸುಮ್ಮನೆ ಬೀಳಬಾರದಾ, ಸೀರೆಯ ಅಂಚನ್ನೂ ಎಳೆದುಕೊಂಡಿತು.

ಅಮ್ಮ ಸೈಕಲ್ಲು ತಳ್ಳಿಕೊಂಡು ಬಂದಾಗ ಅಂಚಿನ ತುಂಬ ಕಪ್ಪು ಮಸಿ, ಒಂದು ಕಡೆ ಹರಿದು ಜೋತಾಡುತ್ತಿತ್ತು. ಅಂಗಡಿಯವನನ್ನು ನೋಡಿ ಕೇಳಿದಳು, "ಇದಕ್ಕೆ ಚೈನು ಮುಚ್ಚೋ ಡಬ್ಬಿ ಹಾಕಿಕೊಡ್ತೀರಾ?"

"ಅದ್ ಹ್ಯಾಗ್ ಆಗುತ್ತಮ್ಮಾ? ಚೈನು ಆ ಕಡೆ ಈ ಕಡೆ ಕುಣೀಬೇಕಲ್ಲ. ಡಬ್ಬಿ ಹಾಕಿದ್ರೆ ಕುಣಿಯೋದೆಲ್ಲಿ?"

ಅಪ್ಪನ ಆಯ್ಕೆಯ ಕಪ್ಪು ಲೇಡೀಸ್ ಸೈಕಲ್ಲಿಗೆ ಚೈನಿನ ಡಬ್ಬಿ ಇತ್ತು, ಗೇರಿರಲಿಲ್ಲ. ಹೊಳೆ ಕಡೆಯಿಂದ ಹತ್ತುವಾಗ ಅರ್ಧದಲ್ಲೇ ಅಮ್ಮ ಇಳಿದು ತಳ್ಳಿದಳು. ಒಂದರಲ್ಲಿ ಸೀರೆ ಉಳಿಯಲ್ಲ, ಇನ್ನೊಂದರಲ್ಲಿ ಉಸಿರು ಉಳಿಯಲ್ಲ ಅಂತ ಬರಿಗೈಯಲ್ಲಿ ಬಸ್ಸು ಹತ್ತಿದೆವು. ಗುರುಮಾವ ಮೂಗು ಮುರಿದ. ನಾನು ದಾರಿಯುದ್ದಕ್ಕೂ ಕೆಂಪು ಸೈಕಲ್ಲಿಗಾಗಿ ಬಿಕ್ಕುತ್ತ, ಅಪ್ಪ ಕೊಡಿಸಿದ ಖಾರ ಮಂಡಕ್ಕಿಯನ್ನು ಮಾತ್ರ ಒಂದು ಕಾಳೂ ಬಿಡದೆ ತಿಂದೆ. ಅಮ್ಮ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. "ಹೋಗ್ಲಿ ಬಿಡಿ, ನನ್ನ ಹಣೇಲಿ ಈ ಕೆಲಸ ಬರೆದಿಲ್ಲ," ಅಂದಳು.

ಎರಡು ದಿನ ಬಿಟ್ಟು ಅರುಳಮ್ಮ ಸಿಸ್ಟರ್ ರವಿಕೆ ಒಯ್ಯಲು ಬಂದರು. ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಆಗಷ್ಟೇ ನಿವೃತ್ತರಾಗಿ, ಸೇಲಂನಲ್ಲಿದ್ದ ಅಣ್ಣನ ಮನೆಗೆ ಹೊರಟಿದ್ದರು. ಅವರ ಸೈಕಲ್ಲನ್ನು ನಾನು ಹುಟ್ಟಿದಾಗಿಂದ ನೋಡಿದ್ದೆ. ಹಸಿರು ಬಣ್ಣ ಮಾಸಿದ, ಸೊಂಟ ಬಗ್ಗಿದ ಹಾಗಿನ ಹಳೆಯ ಸೀಮೆ ಸೈಕಲ್ಲು. ಯಾವುದೋ ಕಾಲದಲ್ಲಿ ಇಲ್ಲಿದ್ದ ದೊರೆಸಾನಿಯೊಬ್ಬಳು ಊರಿಗೆ ಹೋಗುವಾಗ ಕೊಟ್ಟದ್ದಂತೆ. ಅಮ್ಮ ಹರಿದ ಸೀರೆಯ ಕತೆ ಹೇಳಿದ್ದೇ ತಡ, ಸಿಸ್ಟರ್ ಹಣೆ ಚಚ್ಚಿಕೊಂಡರು.

"ಐಯೋ ಸರೋಜಮ್ಮಾ, ನನ್ನ ಕೇಳಬಾರದಾ ಮಾ? ನಾನ್ ಇಷ್ಟು ವರ್ಷ ಸೀರೆ ಉಟ್ಟೇ ಡ್ಯೂಟಿ ಹೋಗಿಲ್ವಾ? ಬನ್ನಿ, ಇದನ್ನ ನೋಡಿ."

ನಾವು ನೋಡಿದೆವು. ಚೈನು ಪೂರ್ತಿ ಡಬ್ಬಿಯೊಳಗೆ. ಹಿಂದಿನ ಗಾಲಿಗೆ ಎರಡೂ ಕಡೆ ದಾರದ ಜಾಲರಿ, ಸೀರೆ ತಗಲದ ಹಾಗೆ. ಹಲ್ಲುಚಕ್ರ ಅಂತೂ ಒಂದೂ ಕಾಣಲಿಲ್ಲ. ಹ್ಯಾಂಡಲ್ಲಿನ ಮೇಲೆ ಮಾತ್ರ ಪುಟ್ಟ ಕೀಲಿ ಒಂದಿತ್ತು.

"ಗೇರೆಲ್ಲಿದೆ ಸಿಸ್ಟರ್?" ಅಂದರು ಅಪ್ಪ.

ಸಿಸ್ಟರ್ ಹಿಂದಿನ ಗಾಲಿಯ ನಡುವಿನ ದಪ್ಪ ಗುಂಬವನ್ನು ತಟ್ಟಿದರು. "ಇದ್ರ ಹೊಟ್ಟೆ ಒಳಗೆ. ಮೂರಿದೆ."

ಅಪ್ಪ ನಂಬಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಗುಂಬಕ್ಕೆ ಕಿವಿ ಇಟ್ಟು ಪೆಡಲು ತಿರುಗಿಸಿದರು. ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂತು. ಕಾರ್ಖಾನೆಯಲ್ಲಿ ಅಪ್ಪ ಬಿಚ್ಚಿ ಜೋಡಿಸುತ್ತಿದ್ದ ಹಲ್ಲುಚಕ್ರಗಳನ್ನು ಎತ್ತಲು ಕ್ರೇನು ಬೇಕಿತ್ತು. ತೆಂಗಿನಕಾಯಿಗಿಂತ ಚಿಕ್ಕ ಗುಂಬದಲ್ಲಿ ಮೂರು ಗೇರು ಹೇಗೆ ಹಿಡಿಸಿದ್ದಾರೆ ಅಂತ ಅವರಿಗೆ ತಲೆಬಿಸಿಯಾಯಿತು. "ಇದರ ಹಿಂದಿರೋ ತಲೆ ಯಾರದ್ದೋ ಮಾರಾಯ!" ಅಂತ ಎರಡು ಸಲ ಅಂದರು.

ಆಸ್ಪತ್ರೆ ಮುಂದಿನ ಏರಿನಲ್ಲಿ ಪರೀಕ್ಷೆ ನಡೆಯಿತು. ಸಿಸ್ಟರ್ ಬೇಕೆಂದೇ ಅಮ್ಮನನ್ನು ಏರಿನ ನಡುವೆ ನಿಲ್ಲಿಸಿದರು. "ಈಗ ನಿಂತಲ್ಲೇ ಕೀಲಿ ಎಳೀರಿ ಮಾ. ಈ ಸೈಕಲ್ಲಿಗೆ ಓಡ್ತಾ ಇರಬೇಕು ಅಂತ ಇಲ್ಲ." ಅಮ್ಮ ಎಳೆದಳು, ಕಟಕ್ ಅಂತು, ತುಳಿದಳು. ಕೆಂಪು ಸೈಕಲ್ಲಿನ ಒನಪು ಒಯ್ಯಾರ ಯಾವುದೂ ಇಲ್ಲದೆ ಆ ಮುದಿ ಹಸಿರು ಸೈಕಲ್ಲು ಅಮ್ಮನನ್ನು ಮೇಲಕ್ಕೆ ಹತ್ತಿಸಿಬಿಟ್ಟಿತು. ಸೀರೆಯ ಅಂಚು ಹೋದ ಹಾಗೇ ವಾಪಸ್ಸು ಬಂತು. ಇಳಿಯುವಾಗ ಅಮ್ಮ ನಗುತ್ತಿದ್ದಳು. ನನಗಂತೂ ನಾಚಿಕೆಯೋ ನಾಚಿಕೆ: ಶಿವಮೊಗ್ಗದಲ್ಲಿ ಅಂಥ ಕೆಂಪು ಸೈಕಲ್ಲಿರುವಾಗ ನಮ್ಮಮ್ಮ ನರ್ಸಮ್ಮನ ಹಳೇ ಗಾಡಿ ಮೇಲೆ ಹೋಗುವುದಾ?

ಮಾತು ಮುಗಿಯಿತು, ಸೈಕಲ್ಲು ನಮ್ಮ ಮನೆಗೆ ಬಂತು. ಸಿಸ್ಟರ್ ಗುಂಬದ ಮೇಲಿದ್ದ ಉಗುರಿನಷ್ಟು ಮುಚ್ಚಳ ಎತ್ತಿ ತೋರಿಸಿ, "ವಾರಕ್ಕೆ ನಾಲ್ಕು ತೊಟ್ಟು ಎಣ್ಣೆ ಇಲ್ಲಿ. ಬೇರೆ ಏನೂ ಕೇಳಲ್ಲ ಇದು. ಇದು ಸೈಕಲ್ ಇಲ್ಲ ಮಾ, ನನ್ ಕಾಲು," ಅಂದರು. ಅವರ ಕಣ್ಣು ತುಂಬಿತ್ತು, ಅಮ್ಮನದೂ. ಎರಡು ದಿನ ಬಿಟ್ಟು ಅವರು ಸೇಲಂಗೆ ಹೊರಟುಹೋದರು.

ಈಗ ಬಂತು ನೋಡಿ ಆಯುಧಪೂಜೆ. ಬೇರೆ ಊರಿನವರಿಗೆ ದೀಪಾವಳಿ ಯುಗಾದಿ ದೊಡ್ಡದಿರಬಹುದು, ಕಾರ್ಖಾನೆ ಊರಿಗೆ ಆಯುಧಪೂಜೆಯೇ ದೊಡ್ಡ ಹಬ್ಬ. ಅವತ್ತು ಅಂಗಳದಲ್ಲಿ ಸೈಕಲ್ಲುಗಳನ್ನು ತಲೆಕೆಳಗು ಮಾಡಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಗ್ರೀಸು ತುಂಬುವುದು ಗಂಡಸರ ಕೆಲಸ. ಯಾರ ಸೈಕಲ್ಲಿಗೆ ಎಷ್ಟು ಗ್ರೀಸು ಹಾಕಿದ್ದಾರೆ ಅನ್ನುವುದರ ಮೇಲೆ ಅವರ ಮಾನ ನಿಂತಿತ್ತು. ಜಿಪುಣತನ ಮಾಡಿದವನಿಗೆ, "ಏನಯ್ಯಾ, ಹೆಂಡ್ತಿ ತಲೆಗೆ ಹಚ್ಚಿ ಮಿಕ್ಕಿದ್ದು ತಂದ್ಯಾ?" ಅಂತ ಬೀದಿಯಲ್ಲೇ ಗೇಲಿ. ಚೆಂಡುಹೂವಿನ ವಾಸನೆ, ಸೀಮೆಎಣ್ಣೆ ವಾಸನೆ, ಒಳಗಿನಿಂದ ಕಾಯಿಹೋಳಿಗೆಯ ವಾಸನೆ ಎಲ್ಲ ಕಲಸಿ ಒಂದಾಗಿರುತ್ತಿತ್ತು. ಬೂದುಗುಂಬಳ ಒಡೆದ ಮೇಲೆ ನಾವು ಮಕ್ಕಳು ಚಡ್ಡಿಜೇಬು, ಲಂಗದ ಮಡಿಲು ತುಂಬ ಮಂಡಕ್ಕಿ, ಬೆಲ್ಲ, ಕಾಯಿಚೂರು ತುಂಬಿಕೊಂಡು ಮನೆಮನೆ ಸುತ್ತುತ್ತಿದ್ದೆವು.

ಅಪ್ಪ ಅವತ್ತು ತಮ್ಮ ಸೈಕಲ್ಲನ್ನು ಬೇಗ ಮುಗಿಸಿದರು. ಅಮ್ಮನ ಸೈಕಲ್ಲಿನ ಮೇಲೆ ಪೂರಾ ಅರ್ಧ ದಿನ ಕೂತರು. ಕಡ್ಡಿಗಳನ್ನೆಲ್ಲ ಒಂದೊಂದಾಗಿ ಉಜ್ಜಿದರು. ಕೊನೆಗೆ ಆ ಪುಟ್ಟ ಮುಚ್ಚಳ ಎತ್ತಿ, ತಮ್ಮ ಗ್ರೀಸ್ ಗನ್ನಿನ ಮೂತಿ ಇಟ್ಟರು. "ಎಣ್ಣೆ ಅಂದ್ರೆ ಸೋರಿಹೋಗುತ್ತೆ, ಪಾಪ ಸಿಸ್ಟರಿಗೆ ಏನು ಗೊತ್ತು. ಗ್ರೀಸು ನಿಲ್ಲುತ್ತೆ. ನಿಮ್ಮಮ್ಮ ವರ್ಷಗಟ್ಟಲೆ ಈ ಕಡೆ ನೋಡೋದೇ ಬೇಡ," ಅಂತ ನನಗೆ ಹೇಳುತ್ತಾ ಒತ್ತಿದರು, ಇನ್ನೂ ಒತ್ತಿದರು, ಗುಂಬದ ಎರಡೂ ಕಡೆಯಿಂದ ಕಪ್ಪು ಗ್ರೀಸು ಇಣುಕುವವರೆಗೂ ಒತ್ತಿದರು. ಆಮೇಲೆ ಅದನ್ನು ಅಚ್ಚುಕಟ್ಟಾಗಿ ಒರೆಸಿ, ಕುಂಕುಮ ಇಟ್ಟು, ಹೂ ಮುಡಿಸಿದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡದ್ದು ಕಡಿಮೆ. ಬೀದಿಯವರೆಲ್ಲ ಬಂದು ನೋಡಿ ತಲೆದೂಗಿದರು.

ಶನಿವಾರ ಅಮ್ಮ ಅಭ್ಯಾಸಕ್ಕೆಂದು ಸೈಕಲ್ಲು ಹತ್ತಿದಳು. ಬೀದಿಯ ಕೊನೆಯವರೆಗೂ ಹೋಗಲಿಲ್ಲ. ಪೆಡಲು ಗಿರ್ರನೆ ಖಾಲಿ ತಿರುಗಿತು, ಸೈಕಲ್ಲು ಅಲ್ಲೇ ನಿಂತಿತು, ಅಮ್ಮ ಸೀಟಿನಿಂದ ಜಾರಿ ಮೊಣಕಾಲು ತರಚಿಕೊಂಡಳು. ಕೀಲಿ ಎಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆ ಟಿಕ್ ಟಿಕ್ ಸದ್ದು ಇರಲೇ ಇಲ್ಲ.

"ಏನ್ ಮಾಡಿದ್ರಿ ಇದಕ್ಕೆ?"

ಅಪ್ಪ ಹೇಳಿದರು. ಅಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ ಮಿಷಿನ್ನಿನ ಮುಂದೆ ಕೂತು ಅತ್ತುಬಿಟ್ಟಳು. ಅಮ್ಮ ಹಾಗೆ ಅಳುವುದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ನನಗೂ ಅಳು ಬಂತು. ಅಲ್ಲಿಯವರೆಗೆ ಆ ಸೈಕಲ್ಲನ್ನು ಕಂಡರಾಗದ ನಾನು, ಅದು ಸರಿಯಾಗಲಪ್ಪಾ ಅಂತ ದೇವರಿಗೆ ಕೈಮುಗಿದೆ. ರಜೆಗೆ ಬಂದಿದ್ದ ಗುರುಮಾವ ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ, "ನಾನ್ ಅವತ್ತೇ ಹೇಳಿದ್ನಲ್ಲ ಭಾವ, ಆ ಕೆಂಪು ಸೈಕಲ್—" ಅಂದ. ಅಪ್ಪ ನೋಡಿದ ನೋಟಕ್ಕೆ ಅವನು ಮಂಡಕ್ಕಿ ಡಬ್ಬಿ ಸಮೇತ ಹಿತ್ತಲಿಗೆ ಹೋದ.

ಸಿಸ್ಟರ್ ಊರು ಬಿಟ್ಟಾಗಿತ್ತು. ಊರಿನ ಸೈಕಲ್ಲಂಗಡಿಯವರೆಲ್ಲ ಹಬ್ಬದ ಗುಂಗಿನಲ್ಲಿ ಬಾಗಿಲು ಹಾಕಿದ್ದರು. ಭಾನುವಾರ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ, ಗಾಲಿ ಬಿಚ್ಚಿ ಮುಂದಿಟ್ಟುಕೊಂಡು ಕೂತರು. ಮುಟ್ಟಲು ಧೈರ್ಯವಿಲ್ಲ. "ಬಿಚ್ಚೋದು ಬಿಚ್ತೀನಿ, ಯಾವುದು ಎಲ್ಲಿಗೆ ಅಂತ ಆಮೇಲೆ ಗೊತ್ತಾಗ್ದೇ ಹೋದ್ರೆ?" ಅಂದರು.

ಅಮ್ಮ ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ಹಳೆಯ ಬಿಳಿ ಪಂಚೆಯೊಂದನ್ನು ಹಾಸಿದಳು. "ನೀವು ಬಿಚ್ಚಿ ನನ್ನ ಕೈಗೆ ಕೊಡ್ತಾ ಹೋಗಿ." ರವಿಕೆ ಕತ್ತರಿಸಿದಾಗ ಅವಳು ತೋಳು, ಬೆನ್ನು, ಪಟ್ಟಿ ಅಂತ ಹೊಲಿಯುವ ಸರದಿಯಲ್ಲೇ ತುಂಡುಗಳನ್ನು ಹಾಸಿಡುತ್ತಿದ್ದಳು, ಯಾವುದರ ಮುಖ ಮೇಲೆ, ಯಾವುದರ ಮುಖ ಕೆಳಗೆ ಅನ್ನುವುದೂ ತಪ್ಪುತ್ತಿರಲಿಲ್ಲ. ಇದನ್ನೂ ಹಾಗೇ ಹಾಸಿದಳು. ಗುಂಬದೊಳಗಿಂದ ಒಂದೊಂದೇ ಹೊರಬಂತು: ಬೇರಿಂಗ್ ಗುಂಡುಗಳು, ನನ್ನ ಕೈಬಳೆಯೊಳಗೆ ಹಿಡಿಸುವಂಥ ಹಲ್ಲುಚಕ್ರಗಳು, ಎಲ್ಲದಕ್ಕೂ ಕೆಸರಿನ ಹಾಗೆ ಮೆತ್ತಿದ ಗ್ರೀಸು. ನಾನು ಸೀಮೆಎಣ್ಣೆ ತಟ್ಟೆಯಲ್ಲಿ ಗುಂಡುಗಳನ್ನು ತೊಳೆದೆ.

ಕೊನೆಯಲ್ಲಿ ಅಮ್ಮ ಒಂದು ಚೂರನ್ನು ಬೆಳಕಿಗೆ ಹಿಡಿದಳು. ಬೆರಳುಗುರಿನಷ್ಟು ಕಬ್ಬಿಣದ ನಾಲಿಗೆ, ಅದರ ಹಿಂದೆ ಕೂದಲೆಳೆಯಂಥ ಸ್ಪ್ರಿಂಗು. ಅಂಥವು ಕೆಲವಿದ್ದವು. ಆ ನಾಲಿಗೆ ಹೊರಕ್ಕೆ ಚಾಚಿ ಹಲ್ಲಿಗೆ ಸಿಕ್ಕಿಕೊಂಡರೇ ಗಾಲಿ ತಿರುಗುವುದು. ಗ್ರೀಸು ಮೆತ್ತಿಕೊಂಡು ಅವೆಲ್ಲ ಮಡಚಿದಲ್ಲೇ ಅಂಟಿ ಕೂತಿದ್ದವು.

"ನೋಡಿ ಇಲ್ಲಿ. ಇದು ಪಾಪ ಬಾಯಿ ತೆಗೆಯೋಕೇ ಆಗ್ತಿಲ್ಲ. ನನ್ನ ಮಿಷಿನ್ನಿಗೆ ಗ್ರೀಸ್ ತುಂಬಿದ್ರೆ ಒಂದು ಹೊಲಿಗೆ ಬೀಳುತ್ತಾ?"

ಅಪ್ಪ ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ತಪ್ಪಾಯ್ತು ಮಾರಾಯ್ತಿ. ಚೆನ್ನಾಗಿರ್ಲಿ ಅಂತಾನೇ ಹಾಕಿದ್ದು."

"ಗೊತ್ತು," ಅಂದಳು ಅಮ್ಮ. ಒಳಗೆ ಹೋಗಿ ಮಿಷಿನ್ನಿನ ಡ್ರಾಯರಿನಿಂದ ಉದ್ದ ಮೂತಿಯ ಎಣ್ಣೆಡಬ್ಬಿ ತಂದಳು. ಹೊಲಿಗೆ ಮಿಷಿನ್ನಿನ ತಿಳಿ ಎಣ್ಣೆ. ಅಪ್ಪ ಅಂಚಿನ ಗುಂಡುಗಳಿಗೆ ಮಾತ್ರ, ಅಮ್ಮನ ಅಪ್ಪಣೆ ಕೇಳಿ, ಬೆರಳ ತುದಿಯಷ್ಟು ಗ್ರೀಸು ಸವರಿದರು. ಅಮ್ಮ ಪಂಚೆಯ ಮೇಲಿಂದ, ಕೊನೆಯದರಿಂದ ಮೊದಲಿನದಕ್ಕೆ, ಒಂದೊಂದೇ ಎತ್ತಿಕೊಟ್ಟಳು, ಅಪ್ಪ ಜೋಡಿಸಿದರು. ಒಂದು ಸಲ ತಪ್ಪಿತು, ಮತ್ತೆ ಬಿಚ್ಚಿದರು. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು. ಕೊನೆಗೆ ಗಾಲಿ ಕೂರಿಸಿ ಪೆಡಲು ತಿರುಗಿಸಿದಾಗ, ಟಿಕ್ ಟಿಕ್ ಟಿಕ್. ಗುರುಮಾವ ಹಿತ್ತಲಿನಿಂದ ಓಡಿಬಂದ. ನಾನು ಅಂಗಳದಲ್ಲೇ ಕುಣಿದೆ.

ಸೋಮವಾರ ಅಮ್ಮ ಗಂಜಿ ಹಾಕಿದ ತಿಳಿನೀಲಿ ಸೀರೆ ಉಟ್ಟು ಹೊರಟಳು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಪ್ಪ ಮಲಗಲೇ ಇಲ್ಲ. ಅವಳು ತಿರುವು ದಾಟುತ್ತಿದ್ದ ಹಾಗೆ, "ವೀಣಿ, ಹತ್ತು. ಹಳೇ ನಗರದಲ್ಲಿ ಸೊಪ್ಪು ಚೆನ್ನಾಗಿ ಸಿಗುತ್ತೆ," ಅಂದರು. ನನ್ನ ಶಾಲೆ ಮಾರನೆಯ ದಿನ ತೆರೆಯುವುದಿತ್ತು. ಕ್ಯಾರಿಯರ್ ಮೇಲೆ ಕೂತೆ. ಸೊಪ್ಪು ತರಲು ಚೀಲವನ್ನೇ ತಂದಿಲ್ಲ ಅಂತ ನನಗೆ ಗೊತ್ತಿತ್ತು, ಕೇಳಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲೊಂದು ನಮ್ಮ ಸಹನೆ ಪರೀಕ್ಷಿಸಲೆಂದೇ ಹೊರಟ ಹಾಗೆ ತೆವಳುತ್ತಿತ್ತು. ಅಮ್ಮ ಮುಂದೆ, ಗೇಟಿಗೆ ಅಂಟಿ ನಿಂತಿದ್ದಳು. ಅವಳ ಹಿಂದೆ ಶಿಫ್ಟಿನ ಗಂಡಸರ ದಂಡು, ಅವರ ಹಿಂದೆ ಕಳ್ಳರ ಹಾಗೆ ನಾವು. ಅವತ್ತು ಅವಳು ಬಿದ್ದ ಜಾಗವೂ ಇದೇ. "ಹೊತ್ತಾಯ್ತಲ್ಲೇ," ಅಂತ ಅಪ್ಪ ಹಲ್ಲು ಕಚ್ಚಿದರು. ರೈಲಿನ ಡಬ್ಬಿಗಳು ಮುಗಿಯುವ ಲಕ್ಷಣವಿರಲಿಲ್ಲ. ಅಮ್ಮ ಹಿಂದೆ ತಿರುಗಿ ಯಾರನ್ನೂ ನೋಡಲಿಲ್ಲ. ನಿಂತಲ್ಲೇ ಅವಳ ಹೆಬ್ಬೆರಳು ಕೀಲಿಯ ಮೇಲೆ ಆಡಿದ್ದು ಮಾತ್ರ ನನಗೆ ಕಂಡಿತು.

ಗೇಟು ಎದ್ದಿತು. ಬೆಲ್ಲುಗಳೆಲ್ಲ ಒಟ್ಟಿಗೆ ಕಿರುಚಿದವು. ಗಂಡಸರು ಭಾರದ ಸೈಕಲ್ಲುಗಳ ಪೆಡಲಿನ ಮೇಲೆ ನಿಂತು ತಿಣುಕುತ್ತಿರುವಾಗಲೇ ಅಮ್ಮ ಸೀಟಿನ ಮೇಲೆ ನೆಟ್ಟಗೆ ಕೂತು, ಮಿಷಿನ್ನು ತುಳಿಯುವ ಹಾಗೆ ಪುಟಪುಟನೆ ತುಳಿದು ಹೊರಟುಬಿಟ್ಟಳು. ಸೇತುವೆ ದಾಟಿದಳು. ಏರು ಬಂತು. ನಮ್ಮಪ್ಪ ಅರ್ಧಕ್ಕೇ ಇಳಿದು, ನನ್ನನ್ನು ಕೂರಿಸಿಕೊಂಡೇ ಏದುಸಿರು ಬಿಡುತ್ತ ತಳ್ಳಿದರು. ಮೇಲೆ ತಿಳಿನೀಲಿ ಸೀರೆ ಚಿಕ್ಕದಾಗುತ್ತ ಚಿಕ್ಕದಾಗುತ್ತ ಹೋಗಿ ಮರೆಯಾಯಿತು.

ನಾವು ಏರು ಹತ್ತಿ ಶಾಲೆಯ ಹತ್ತಿರ ಬರುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಕಾಂಪೌಂಡಿನ ಕಬ್ಬಿಣದ ಸರಳಿನ ಸಂದಿಯಲ್ಲಿ ಇಣುಕಿದೆವು. ಹೊಂಗೆಮರದ ಕೆಳಗೆ ಹಸಿರು ಸೈಕಲ್ಲು ಸ್ಟ್ಯಾಂಡು ಹಾಕಿ ನಿಂತಿತ್ತು. ಟೀಚರುಗಳ ಸಾಲಿನ ಕೊನೆಯಲ್ಲಿ ಅಮ್ಮ ಸೆರಗಿನಿಂದ ಕತ್ತಿನ ಬೆವರು ಒತ್ತಿಕೊಳ್ಳುತ್ತಿದ್ದಳು. ಸೀರೆಯ ಅಂಚಿನಲ್ಲಿ ಒಂದು ಚುಕ್ಕೆ ಮಸಿ ಇರಲಿಲ್ಲ. ಅಪ್ಪನಿಗೆ ತಡೆಯಲಾಗಲಿಲ್ಲ, ತಮ್ಮ ಬೆಲ್ಲು ಒಂದು ಸಲ ಬಾರಿಸಿಯೇಬಿಟ್ಟರು: ಟ್ರಕ್. ಪ್ರಾರ್ಥನೆಗೆ ನಿಂತವರು ತಿರುಗಬಾರದು, ಅಮ್ಮ ತಿರುಗಲಿಲ್ಲ. ಆದರೆ ನಗು ತಡೆದು ಅವಳ ಕೆನ್ನೆ ಉಬ್ಬಿದ್ದನ್ನು ನಾವಿಬ್ಬರೂ ನೋಡಿದೆವು. "ನನ್ನ ಹೆಂಡ್ತಿ ನನ್ನನ್ನೇ ಹಿಂದೆ ಹಾಕಿಬಿಟ್ಳು!" ಅಂತ ಅಪ್ಪ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು, ನನಗೆ ಬಿಸಿ ಮೆಣಸಿನಕಾಯಿ ಬೋಂಡ ಕೊಡಿಸಿ ಕರೆತಂದರು. ಸೊಪ್ಪಿನ ಮಾತು ಇಬ್ಬರೂ ಎತ್ತಲಿಲ್ಲ.

ಅಮ್ಮ ನಿವೃತ್ತಳಾಗುವ ತನಕ ಆ ಸೈಕಲ್ಲಿನಲ್ಲೇ ಓಡಾಡಿದಳು. ಶನಿವಾರ ಮಿಷಿನ್ನಿಗೆ ಎಣ್ಣೆ ಬಿಟ್ಟ ಮೇಲೆ ಅದಕ್ಕೂ ನಾಲ್ಕು ತೊಟ್ಟು. ಆಯುಧಪೂಜೆ ಬಂದಾಗ ಅಪ್ಪನಿಗೆ ಕಡ್ಡಿ ಉಜ್ಜುವುದಕ್ಕೆ, ಕುಂಕುಮ ಇಡುವುದಕ್ಕೆ ಮಾತ್ರ ಅನುಮತಿ. ಆದರೂ ಅವರ ಕೈ ಗ್ರೀಸ್ ಗನ್ನಿನ ಕಡೆ ಹೋಗುತ್ತಿತ್ತು, ಅಮ್ಮ ಅಡುಗೆಮನೆಯಿಂದಲೇ, "ರೀ..." ಅನ್ನುತ್ತಿದ್ದಳು. ಕೊನೆಗೆ ಸೈಕಲ್ಲನ್ನು ತನ್ನ ಹತ್ತಿರ ಹೊಲಿಗೆ ಕಲಿತು ಟೀಚರಾದ ಹುಡುಗಿಯೊಬ್ಬಳಿಗೆ ಕೊಟ್ಟಳು, ಎಣ್ಣೆಡಬ್ಬಿಯ ಸಮೇತ.

ಈಗ ನಾನು ಶಿವಮೊಗ್ಗದ ರವೀಂದ್ರನಗರದಲ್ಲಿದ್ದೇನೆ, ಅಮ್ಮನೂ ನನ್ನ ಜೊತೆಗೇ. ಆಫೀಸಿರುವುದು ಕೋಟೆಯ ಹತ್ತಿರ. ಸ್ಕೂಟರಿನಲ್ಲಿ ಹೋಗಿ ಬಂದು ಮೈ ಬೆಳೆದದ್ದೇ ಲಾಭ ಅಂತ ಮೊನ್ನೆ ಸೈಕಲ್ಲು ಕೊಳ್ಳಲು ಹೋದೆ. ಮಳಿಗೆಯ ಹುಡುಗ ಒಂದರ ಮುಂದೆ ನಿಲ್ಲಿಸಿ, "ಮೇಡಂ, ಇದು ಲೇಟೆಸ್ಟು. ಗೇರೆಲ್ಲ ಗಾಲಿ ಮಧ್ಯದ ಹಬ್ಬಿನ ಒಳಗೇ ಇರುತ್ತೆ. ಸಿಗ್ನಲ್ಲಿನಲ್ಲಿ ನಿಂತಲ್ಲೇ ಚೇಂಜ್ ಮಾಡಬಹುದು, ಡ್ರೆಸ್ಸಿಗೆ ಮಸಿ ಆಗಲ್ಲ," ಅಂದ. ನಾನು ನಗುವುದು ನೋಡಿ ಅವನಿಗೆ ಗಾಬರಿಯಾಯಿತು. ಪಕ್ಕದಲ್ಲೊಂದು ಕೆಂಪು ಸೈಕಲ್ಲಿತ್ತು, ಗಾಲಿಗೆ ಸಾಲುಸಾಲು ಹಲ್ಲುಚಕ್ರ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಅದರ ಸೀಟು ಸವರಿದೆ. ಆಮೇಲೆ ಹೊಟ್ಟೆಯೊಳಗೆ ಗೇರಿದ್ದದ್ದನ್ನೇ ತಂದೆ.

ಬರುವಾಗ ಎಷ್ಟೋ ನೆನಪಾಯಿತು. ಭದ್ರಾವತಿಗೆ ಹೋದರೆ ಈಗ ಕಾರ್ಖಾನೆ ಕೂಗುವುದಿಲ್ಲ, ಹೊತ್ತು ತಿಳಿಯಲು ಫೋನು ನೋಡಬೇಕು. ಗೇಟಿನಿಂದ ನುಗ್ಗುತ್ತಿದ್ದ ಆ ಸೈಕಲ್ಲಿನ ಹೊಳೆ ಬತ್ತಿ ಎಷ್ಟು ಕಾಲವಾಯಿತೋ. ಸಾವಿರ ಬೆಲ್ಲುಗಳ ನಡುವೆ ಒಂದನ್ನು ಗುರುತು ಹಿಡಿಯುವ ನನ್ನ ಕಿವಿಗೆ ಇವತ್ತು ಏನೂ ಕೆಲಸವಿಲ್ಲ. ಅಪ್ಪ ಹೋದಮೇಲೆ ಅವರ ಸೈಕಲ್ಲಿನ ಸೀಳುಬೆಲ್ಲನ್ನು ಬಿಚ್ಚಿ ತಂದಿಟ್ಟುಕೊಂಡಿದ್ದೆ. ಮನೆಗೆ ಬಂದವಳೇ ಅದನ್ನು ಹೊಸ ಸೈಕಲ್ಲಿಗೆ ಹಾಕಿದೆ.

ಸದ್ದು ಕೇಳಿ ಅಮ್ಮ ಹೊರಗೆ ಬಂದಳು. ಮಂಡಿ ನೋವು, ಆದರೂ ಕುರ್ಚಿ ಎಳೆದುಕೊಂಡು ಹಿಂದಿನ ಗಾಲಿಯ ಹತ್ತಿರ ಕೂತಳು. "ಎತ್ತು," ಅಂದಳು. ನಾನು ಕ್ಯಾರಿಯರ್ ಹಿಡಿದು ಎತ್ತಿದೆ, ಅವಳು ಕೈಯಿಂದ ಪೆಡಲು ತಿರುಗಿಸಿ ಕಿವಿಗೊಟ್ಟಳು. ಟಿಕ್ ಟಿಕ್ ಸದ್ದು ಇತ್ತು, ಬಹಳ ಸಣ್ಣಗೆ. ಆಮೇಲೆ ಗುಂಬದ ಸುತ್ತ ಬೆರಳಾಡಿಸಿ ಹುಡುಕಿದಳು.

"ಎಣ್ಣೆ ಬಿಡೋ ತೂತು ಎಲ್ಲೇ?"

"ಇಲ್ಲಮ್ಮ. ಈಗಿನದಕ್ಕೆ ತೂತು ಇಡಲ್ಲ, ಪೂರ್ತಿ ಮುಚ್ಚಿರ್ತಾರೆ."

ಅಮ್ಮ ಗುಂಬದ ಮೇಲೆ ಒಮ್ಮೆ ಕೈ ಸವರಿದಳು. ಆಮೇಲೆ ನಕ್ಕಳು, ನಗುನಗುತ್ತಲೇ ಅವಳ ಕಣ್ಣು ತುಂಬಿತು.

"ಒಳ್ಳೇದೇ ಆಯ್ತು ಬಿಡು. ತೂತು ಇದ್ದಿದ್ರೆ ನಿಮ್ಮಪ್ಪ ಸುಮ್ನೆ ಬಿಡ್ತಿದ್ರಾ?"